ಮದಕರಿ ನಾಯಕ (ಕೊನೆಯ ಅರಸ)

ಮದಕರಿ ನಾಯಕನು ಚಿತ್ರದುರ್ಗ ಸಂಸ್ಥಾನದ ಕೊನೆಯ ಪಾಳೆಯಗಾರ. 1754ರಿಂದ 1779ರವರೆಗೆ ಆಳಿದ ಈತನು ಹೈದರಾಲಿಯಿಂದ ಸೋತು ಸೆರೆಯಾದನು. ಇದೇ ಹೆಸರಿನ ಅರಸರು ಈ ಮನೆತನದಲ್ಲಿ ಹಿಂದೆಯೂ ಆಗಿಹೋಗಿರುವುದರಿಂದ ಅವರ ಕಾಲದ ಘಟನೆಗಳನ್ನು ಈತನಿಗೆ ಆರೋಪಿಸುವ ಸಂಭವವಿದೆ.

== ಒಂದೇ ಹೆಸರಿನ ಅರಸರು ==
ಮನೆತನದ ಮೂಲಪುರುಷನಾದ ತಿಮ್ಮಣ್ಣ ನಾಯಕನು ವಿಜಯನಗರದ ಅಧೀನದಲ್ಲಿ ಮೊದಲು ಹೊಳಲ್ಕೆರೆಗೂ ಅನಂತರ ಹಿರಿಯೂರಿಗೂ ನಾಯಕನಾಗಿದ್ದು, ಬಳಿಕ ಚಿತ್ರದುರ್ಗದಲ್ಲಿ ನೆಲೆಸಿದನು. ಈ ವಂಶದಲ್ಲಿ ಮದಕರಿ ಎಂಬ ಹೆಸರು ಹೀಗೆ ಕಾಣಿಸಿಕೊಳ್ಳುತ್ತದೆ:
* ತಿಮ್ಮಣ್ಣನ ಮಗ ಓಬಣ್ಣ ನಾಯಕ (ಸು. 1588–1602). ಈತನಿಗೆ ಮದಕರಿ ನಾಯಕನೆಂಬ ಹೆಸರೂ ಇತ್ತು.
* ಕಸ್ತೂರಿ ರಂಗಪ್ಪ ನಾಯಕನ ಅನಂತರ ಆಳಿದ ಮದಕರಿ ನಾಯಕ (ಸು. 1652–1674). ಇವನ ತರುವಾಯ ಬಂದ ಚಿಕ್ಕಣ್ಣ ನಾಯಕನು ಹೊಸದುರ್ಗದ ಕೋಟೆಯನ್ನು ಕಟ್ಟಿಸಿದನು.
* ಹಿರೇ ಮದಕರಿ ನಾಯಕ (1721–1748). ಮಾಯಕೊಂಡದ ಯುದ್ಧದಲ್ಲಿ ಮಡಿದವನು ಈತನೇ.
* ಈ ಲೇಖನದ ಮದಕರಿ ನಾಯಕ (1754–1779).

ತಂದೆಯ ಹೆಸರಿನಲ್ಲಿಯೂ ಗೊಂದಲಕ್ಕೆ ಎಡೆಯಿದೆ. ಕೊನೆಯ ಮದಕರಿಯ ತಂದೆ ಜಾನಕಲ್ಲಿನ ಭರಮಪ್ಪ. ದುರ್ಗವನ್ನು 1689ರಿಂದ 1721ರವರೆಗೆ ಆಳಿದ ಭರಮಪ್ಪ ನಾಯಕನು ಬೇರೆ ವ್ಯಕ್ತಿ. ಅವನ ಬಳಿಕ ಪಟ್ಟಕ್ಕೆ ಬಂದವನು ಹಿರೇ ಮದಕರಿ.

== ಗುರುತಿಸುವ ಆಧಾರಗಳು ==
ಚಿತ್ರದುರ್ಗ, ಹೊಳಲ್ಕೆರೆ ಮತ್ತು ಹಿರಿಯೂರು ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ 11ನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಶಕವರ್ಷವಿರುವ ಶಾಸನದಲ್ಲಿ ಅರಸನನ್ನು ಗುರುತಿಸುವುದು ಸುಲಭ. ಸಂವತ್ಸರದ ಹೆಸರು ಮಾತ್ರ ಇದ್ದರೆ, ಅದು 60 ವರ್ಷಗಳಿಗೊಮ್ಮೆ ಮರಳಿ ಬರುವುದರಿಂದ ನಿರ್ಣಯ ಕಷ್ಟವಾಗುತ್ತದೆ. ಉದಾಹರಣೆಗೆ ಪ್ಲವ ಸಂವತ್ಸರವು 1661–62ರಲ್ಲಿಯೂ 1721–22ರಲ್ಲಿಯೂ ಬಂದಿತ್ತು. ಎರಡು ಸಲವೂ ಆಳ್ವಿಕೆಯಲ್ಲಿ ಮದಕರಿ ಎಂಬ ಹೆಸರಿನ ಅರಸನಿದ್ದನು. ಇಂತಹ ಸಂದರ್ಭದಲ್ಲಿ ತಂದೆಯ ಹೆಸರು, ದಾನ ಪಡೆದವರ ವಂಶ ಮತ್ತು ಲಿಪಿಯ ಸ್ವರೂಪವನ್ನು ನೋಡಬೇಕಾಗುತ್ತದೆ. ಕೈಫಿಯತ್ತುಗಳು, ಬಖೈರುಗಳು ಹಾಗೂ ಹುಲ್ಲೂರು ಶ್ರೀನಿವಾಸ ಜೋಯಿಸರು ಸಂಗ್ರಹಿಸಿದ ದಾಖಲೆಗಳೂ ಈ ಕೆಲಸಕ್ಕೆ ನೆರವಾಗುತ್ತವೆ.

== ಪಟ್ಟಾಭಿಷೇಕ ==
ಹಿರೇ ಮದಕರಿಯ ಬಳಿಕ ಆಳಿದ ಇಮ್ಮಡಿ ಕಸ್ತೂರಿ ರಂಗಪ್ಪ ನಾಯಕನು 1754ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಆಗ ಜಾನಕಲ್ಲಿನ ಶಾಖೆಗೆ ಸೇರಿದ ಮದಕರಿಯನ್ನು ಎಳೆಯ ವಯಸ್ಸಿನಲ್ಲಿಯೇ ಪಟ್ಟಕ್ಕೆ ತರಲಾಯಿತು.

== ಹೈದರಾಲಿಯೊಡನೆ ಸಂಬಂಧ ==
ಶಿರಾವನ್ನು ವಶಪಡಿಸಿಕೊಂಡ ಹೈದರಾಲಿಯು 1762ರಲ್ಲಿ ಚಿತ್ರದುರ್ಗದ ಮೇಲೆ ದಂಡೆತ್ತಿ ಬಂದನು. ಮದಕರಿಯು ಕಪ್ಪಕಾಣಿಕೆ ಸಲ್ಲಿಸಲು ಒಪ್ಪಿ, ಮುಂದೆ ಹೈದರನ ದಂಡಯಾತ್ರೆಗಳಿಗೆ ಸೈನ್ಯದೊಡನೆ ನೆರವಾದನು. ಬಿದನೂರಿನ ಚೆನ್ನಬಸಪ್ಪ ನಾಯಕನು ತಾನೇ ಎಂದು ಹೇಳಿಕೊಂಡ ವ್ಯಕ್ತಿಯೊಬ್ಬನನ್ನು ಮದಕರಿಯು ಹೈದರನಿಗೆ ಪರಿಚಯಿಸಿದನೆಂದು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. 1763ರ ಬಿದನೂರು ದಂಡಯಾತ್ರೆಗೆ ಇದೂ ಒಂದು ನೆಪವಾಯಿತು.

== ದುರ್ಗದ ಪತನ ==
1777ರಲ್ಲಿ ಮರಾಠರು ಮತ್ತು ನಿಜಾಮನಿಂದ ಮೈಸೂರಿಗೆ ಅಪಾಯ ಒದಗಿದಾಗ ಮದಕರಿಯು ಹೈದರನಿಗೆ ನೆರವು ಕಳುಹಿಸಲಿಲ್ಲ. ಹೈದರನು ಕೋಟೆಗೆ ಮುತ್ತಿಗೆ ಹಾಕಿದನಾದರೂ ಹಲವು ತಿಂಗಳು ಕಳೆದರೂ ಕೋಟೆ ಕೈವಶವಾಗದೆ, ಹಣ ಪಡೆದು ಒಪ್ಪಂದ ಮಾಡಿಕೊಂಡನು. 1779ರಲ್ಲಿ ಮತ್ತೆ ಮುತ್ತಿಗೆ ನಡೆಯಿತು. ಕೋಟೆಯೊಳಗಿನ ಕೆಲವರ ದ್ರೋಹದಿಂದ ದುರ್ಗವು ಹೈದರನ ವಶವಾಯಿತು. ಮದಕರಿಯನ್ನೂ ಅವನ ಪರಿವಾರವನ್ನೂ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಕಳುಹಿಸಲಾಯಿತು. ಸಂಸ್ಥಾನದ ಬಲವಾಗಿದ್ದ ಬೇಡ ಸಮುದಾಯದ ಸುಮಾರು 20,000 ಜನರನ್ನು ಅಲ್ಲಿಗೆ ಸಾಗಿಸಲಾಯಿತೆಂದು ರೈಸ್ ಅವರ ಗೆಜೆಟಿಯರ್ ತಿಳಿಸುತ್ತದೆ. ಅವರ ಹುಡುಗರನ್ನು ಚೇಲಾ ಪಡೆಗಳಿಗೆ ಸೇರಿಸಿಕೊಳ್ಳಲಾಯಿತು. ಇದರೊಂದಿಗೆ ಚಿತ್ರದುರ್ಗದ ನಾಯಕರ ಆಳ್ವಿಕೆ ಕೊನೆಗೊಂಡಿತು.

== ಸ್ಮರಣೆ ==
ಒನಕೆ ಓಬವ್ವಳ ಸಾಹಸದ ಕಥೆಯನ್ನು ಜನಪರಂಪರೆಯು ಈ ಮದಕರಿಯ ಕಾಲಕ್ಕೆ ಸೇರಿಸುತ್ತದೆ. ತ. ರಾ. ಸುಬ್ಬರಾಯರ ಐತಿಹಾಸಿಕ ಕಾದಂಬರಿ ದುರ್ಗಾಸ್ತಮಾನದ ನಾಯಕನೂ ಈತನೇ. ಆ ಕೃತಿಗೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಲಭಿಸಿದೆ. ಇವುಗಳ ಪ್ರಭಾವದಿಂದ ಮದಕರಿ ಎಂದೊಡನೆ ಜನರ ನೆನಪಿಗೆ ಬರುವವನು ಕೊನೆಯ ಅರಸನೇ ಆದರೂ, ಮಾಯಕೊಂಡದ ರಣರಂಗದಲ್ಲಿ ಸತ್ತ ಮದಕರಿ ಮತ್ತು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಹೋದ ಮದಕರಿ ಇಬ್ಬರೂ ಬೇರೆ ಬೇರೆ.