ಮುಮ್ಮಡಿ ಕೃಷ್ಣರಾಜರೂ ಚಾಮರಾಜನಗರವೂ

ತಂದೆಯ ಹೆಸರಿನಲ್ಲಿ ಕೆರೆಯನ್ನೋ ಛತ್ರವನ್ನೋ ಕಟ್ಟಿಸುವುದು ನಮ್ಮ ನಾಡಿನ ಹಳೆಯ ಪದ್ಧತಿ. ಆದರೆ ತಂದೆಯ ಮುಖವನ್ನು ನೆನಪಿನಲ್ಲಿ ಉಳಿಸಿಕೊಳ್ಳಲಾರದಷ್ಟು ಎಳೆಯನಾಗಿದ್ದ ಮಗನು ಒಂದು ಊರನ್ನೇ ಆತನ ಸ್ಮಾರಕವಾಗಿ ಮಾಡಿದ್ದು ಅಪೂರ್ವ ಸಂಗತಿ. ಮುಮ್ಮಡಿ ಕೃಷ್ಣರಾಜ ಒಡೆಯರ ಜೀವಿತವನ್ನು ಈ ದೃಷ್ಟಿಯಿಂದ ಸ್ಮರಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಅವರು ಜನಿಸಿದ್ದು 1794ರಲ್ಲಿ. ಅವರ ತಂದೆ ಖಾಸಾ ಚಾಮರಾಜ ಒಡೆಯರು ಅರಿಕುಠಾರದಲ್ಲಿ ಹುಟ್ಟಿದವರು. ಪಟ್ಟವು ಅವರದಾಗಿದ್ದರೂ ಅಧಿಕಾರವು ಹೈದರನ ಕೈಯಲ್ಲಿತ್ತು. 1796ರಲ್ಲಿ ತಂದೆ ಗತಿಸಿದಾಗ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. 1799ರಲ್ಲಿ ಬಾಲಕನಿಗೆ ಪಟ್ಟಾಭಿಷೇಕವಾಗಿ, ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನಡೆಸಿದರು.

ಪ್ರಾಪ್ತವಯಸ್ಕರಾದ ಬಳಿಕ ದೊರೆಗಳು 1818ರಲ್ಲಿ ಅರಿಕುಠಾರಕ್ಕೆ ತಂದೆಯ ಹೆಸರನ್ನಿತ್ತರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವು ನಿರ್ಮಾಣವಾಯಿತು. ಅಲ್ಲಿನ ದೇವಿಗೆ ತಾಯಿಯ ಹೆಸರು ಸಂದಿತು. ತಂದೆ ಹುಟ್ಟಿದ ಸ್ಥಳದಲ್ಲಿ ಜನನಮಂಟಪವೂ ಎದ್ದಿತು.

ಐದೇ ವರ್ಷಗಳಲ್ಲಿ ದೊರೆಗಳಿಗೆ ದುರ್ದಿನಗಳು ಬಂದವು. ನಗರ ಪ್ರಾಂತದ ರೈತರು ದಂಗೆಯೆದ್ದುದನ್ನು ಕಾರಣವಾಗಿಟ್ಟುಕೊಂಡು ಕಂಪೆನಿಯವರು 1831ರಲ್ಲಿ ಆಡಳಿತವನ್ನು ಕಸಿದುಕೊಂಡರು. ದೊರೆಗಳ ಆಡಳಿತದಲ್ಲಿ ದೋಷವಿರಲಿಲ್ಲವೆಂದು ನಾವು ಹೇಳುವುದಿಲ್ಲ. ರೈತರ ಸಂಕಟವು ನಿಜವಾಗಿತ್ತು. 1868ರಲ್ಲಿ ಕಾಲವಾಗುವವರೆಗೂ ಅವರಿಗೆ ಅಧಿಕಾರವು ಮರಳಿ ದೊರೆಯಲಿಲ್ಲ.

ನೆರೆಯ ಗುಂಡ್ಲುಪೇಟೆಯಲ್ಲಿಯೂ ಇಂಥದೇ ಒಂದು ಪಿತೃಸ್ಮಾರಕವುಂಟು. ಚಿಕ್ಕದೇವರಾಜ ಒಡೆಯರು ಕಟ್ಟಿಸಿದ ಪರವಾಸುದೇವ ದೇವಾಲಯವು ಕಾಲಾಂತರದಲ್ಲಿ ಪಾಳುಬಿದ್ದಿತು. ಕಲ್ಲು ತಾನಾಗಿ ಬಾಳದು. ಜನರ ನಿತ್ಯ ವ್ಯವಹಾರವೇ ಅದನ್ನು ಬಾಳಿಸಬೇಕು. ಚಾಮರಾಜೇಶ್ವರನ ಆಷಾಢದ ರಥೋತ್ಸವಕ್ಕೆ ನವದಂಪತಿಗಳು ಬಂದು ಹಣ್ಣು ಜವನ ಎಸೆಯುತ್ತಾರೆ. 2017ರಲ್ಲಿ ತೇರಿಗೆ ಬೆಂಕಿ ಬಿದ್ದು ಉತ್ಸವವು ನಿಂತುಹೋದಾಗ ಊರೆಲ್ಲ ನೊಂದಿತು. 2022ರಲ್ಲಿ ಹೊಸ ತೇರು ಬೀದಿಗಿಳಿಯಿತು.

ಇಂಥ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಗೆ ಅಧಿಕಾರ ತಪ್ಪುವುದೆಂಬ ಮೂಢನಂಬಿಕೆಯು ಹುಟ್ಟಿದ್ದು ವಿಷಾದಕರ. ಹಲವು ವರ್ಷ ಅನೇಕ ಆಳುವವರು ಇಲ್ಲಿಗೆ ಬರಲು ಅಂಜಿದರು. 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೂ ಆ ಅಂಜಿಕೆ ಕಳೆಯಲಿಲ್ಲ. 2013ರಲ್ಲಿ ಬಂದುಹೋದ ಸಿದ್ದರಾಮಯ್ಯನವರು ಐದು ವರ್ಷದ ಅವಧಿಯನ್ನು ಪೂರೈಸಿದರೆಂಬುದು ಎಲ್ಲರಿಗೂ ವಿದಿತವೇ ಆಗಿದೆ.

ಈ ಊರಿಗೆ ಹೆಸರಿತ್ತ ದೊರೆಗಳೇ ಅಧಿಕಾರವನ್ನು ಕಳೆದುಕೊಂಡರು. ಅವರಿತ್ತ ಹೆಸರಾದರೋ ಎರಡು ಶತಮಾನ ಬಾಳಿದೆ. ಪದವಿಯ ಅವಧಿಯನ್ನು ಎಣಿಸುವವರು ಇದನ್ನು ಮನಗಾಣಬೇಕು. ಬರಬೇಕಾದವರು ಬಂದು, ನೋಡಬೇಕಾದುದನ್ನು ನೋಡಿ, ಮಾಡಬೇಕಾದುದನ್ನು ಮಾಡಲಿ. ಪುರಜನರು ಕೇಳುವುದು ಅಷ್ಟೇ.