ಗಂಗಾಮೂಲದಿಂದ ಮುಕ್ತಿಯವರೆಗೆ: ಪಂಡಿತಾ ರಮಾಬಾಯಿ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಮಹನೀಯರ ಜೀವನವನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದರು. ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಇದಕ್ಕಾಗಿ ದೂರ ಹೋಗಬೇಕಾಗಲಿಲ್ಲ. ನಮ್ಮ ಘಟ್ಟದ ಕಾಡಿನಲ್ಲೇ ಹುಟ್ಟಿ, ದೇಶವನ್ನೆಲ್ಲ ಕಾಲ್ನಡಿಗೆಯಲ್ಲಿ ಸುತ್ತಿ, ಮುಂದೆ ಸಾವಿರಾರು ಅನಾಥ ಹೆಣ್ಣುಮಕ್ಕಳಿಗೆ ತಾಯಿಯಾದ ಪಂಡಿತಾ ರಮಾಬಾಯಿಯವರನ್ನು ಆರಿಸಿಕೊಂಡೆ. ಅವರು ಕ್ರೈಸ್ತ ಧರ್ಮವನ್ನು ಒಪ್ಪಿಕೊಂಡವರು. ಅವರ ನಂಬಿಕೆ ಬಹಳ ತೀವ್ರವಾದದ್ದು. ನಂಬಿಕೆ ತೀವ್ರವಾದಾಗ ಎದುರಿಗಿರುವ ಮನುಷ್ಯ ಮರೆತುಹೋಗುವುದುಂಟು. ರಮಾಬಾಯಿಯವರಲ್ಲಿ ಹಾಗಾಗಲಿಲ್ಲ. ಏಕೆ ಆಗಲಿಲ್ಲ ಎಂಬುದಕ್ಕೆ ಅವರ ಬಾಲ್ಯದಲ್ಲೇ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಓದಲೆಂದು ಪುಣೆಗೆ ಹೋಗಿದ್ದಾಗ ಪೇಶ್ವೆ ಮನೆತನದ ಹೆಂಗಸೊಬ್ಬರು ಸಂಸ್ಕೃತ ಶ್ಲೋಕಗಳನ್ನು ಹೇಳುವುದನ್ನು ಕೇಳಿ, ತಾನೂ ಮನೆಯ ಹೆಂಗಸರಿಗೆ ಕಲಿಸಬೇಕೆಂದು ನಿಶ್ಚಯಿಸಿದರು. ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸತೊಡಗಿದಾಗ ಸುತ್ತಲಿನವರ ವಿರೋಧ ಬಂತು. ಹೆಣ್ಣಿಗೆ ವಿದ್ಯೆ ಕಲಿಸುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಅವರು ವಿದ್ವಾಂಸರ ಮುಂದೆ ವಾದಿಸಿದರು. ಆಮೇಲೆ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿಕೊಂಡು ನೆಲೆಸಿದರು. ಅಲ್ಲಿ 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು.

ಯಾತ್ರಿಕರಿಗೂ ಶಿಷ್ಯರಿಗೂ ಅನ್ನ ಹಾಕಿ ಹಾಕಿ ಶಾಸ್ತ್ರಿಗಳ ಆಸ್ತಿ ಕರಗಿತು. ಕೂಸು ರಮಾಳನ್ನು ಬುಟ್ಟಿಯಲ್ಲಿ ಹೊತ್ತುಕೊಂಡು ಕುಟುಂಬ ಊರು ಬಿಟ್ಟಿತು. ಮುಂದಿನ ಬದುಕೆಲ್ಲ ಕ್ಷೇತ್ರದಿಂದ ಕ್ಷೇತ್ರಕ್ಕೆ. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಕೇಳಿದವರು ಕೊಟ್ಟದ್ದರಲ್ಲಿ ಜೀವನ ಸಾಗಿಸುವುದು. ಮಗಳಿಗೆ ಸಂಸ್ಕೃತ ಕಲಿಸಿದ್ದು ಹೆಚ್ಚಾಗಿ ತಾಯಿಯೇ. ಶಾಲೆಯ ಮೆಟ್ಟಿಲು ಹತ್ತದ ಹುಡುಗಿ ಭಾಗವತವನ್ನು ಬಾಯಿಪಾಠ ಮಾಡಿದಳು. ಊರೂರು ತಿರುಗುತ್ತ ಕನ್ನಡ, ಹಿಂದಿ ಭಾಷೆಗಳನ್ನೂ ಕಲಿತಳು.

ಆಗ ದಕ್ಷಿಣದಲ್ಲಿ ಕ್ಷಾಮ ಬಂತು. ಪುರಾಣ ಕೇಳುವವರಿಲ್ಲ, ದಕ್ಷಿಣೆ ಕೊಡುವವರಿಲ್ಲ. ಕೂಲಿ ಮಾಡಿ ಅಭ್ಯಾಸವಿಲ್ಲ, ಬೇಡಲು ಮನಸ್ಸಿಲ್ಲ. ಎಲೆಗಳನ್ನು ತಿಂದು ಕಾಡಿನಲ್ಲಿ ದಿನ ಕಳೆಯುವ ಸ್ಥಿತಿ ಬಂತು. 1874ರಲ್ಲಿ ತಂದೆ ತೀರಿಕೊಂಡರು. ತಾಯಿ ಜ್ವರದಿಂದ ಮಲಗಿ ಅನ್ನ ಕೇಳಿದಾಗ ರಮಾಬಾಯಿ ನೆರೆಮನೆಯ ಬಾಗಿಲಿಗೆ ಹೋದರು. ರೊಟ್ಟಿ ಬೇಕೆಂದು ಕೇಳಲು ಬಾಯಿ ಬರಲಿಲ್ಲ, ಕಣ್ಣೀರು ಮಾತ್ರ ಬಂತು. ಮನೆಯಾಕೆ ಅರ್ಥಮಾಡಿಕೊಂಡು ರೊಟ್ಟಿ ಕೊಟ್ಟಳು. ತಾಯಿಯೂ ಉಳಿಯಲಿಲ್ಲ. ಶವ ಹೊರುವವರೇ ಇರಲಿಲ್ಲ. ಕನಿಕರಪಟ್ಟ ಇಬ್ಬರು ಬಂದರು, ಅಣ್ಣ ಶ್ರೀನಿವಾಸ ಮೂರನೆಯವನಾದ, ರಮಾಬಾಯಿ ನಾಲ್ಕನೆಯವರಾದರು. ಗಿಡ್ಡನೆಯ ಹುಡುಗಿಯಾದ್ದರಿಂದ ಹೆಗಲು ಸಾಲದೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದರು. ಸ್ವಲ್ಪ ಕಾಲದಲ್ಲೇ ಅಕ್ಕನೂ ತೀರಿಕೊಂಡಳು. ಆಗ ರಮಾಬಾಯಿಗೆ ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳ ವಯಸ್ಸು.

ಅಣ್ಣ ತಂಗಿ ಇಬ್ಬರೇ ಬರಿಗಾಲಿನಲ್ಲಿ ದೇಶ ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದರು. ಇಪ್ಪತ್ತು ವರ್ಷದ ತರುಣಿಯ ಸಂಸ್ಕೃತವನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾದರು. ಪರೀಕ್ಷಿಸಿ, ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ರಮಾಬಾಯಿ ಮದುವೆಯಾದರು. ಮರುವರ್ಷ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಕಾಲರಾದಿಂದ ಗಂಡ ತೀರಿಹೋದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ಅವರು ವಿಧವೆ.

ಆ ಕಾಲದಲ್ಲಿ ವಿಧವೆಯೆಂದರೆ ಮೂಲೆ ಸೇರಬೇಕಾದವಳು. ರಮಾಬಾಯಿ ಮಗುವನ್ನೆತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಶಿಕ್ಷಣದ ಬಗ್ಗೆ ವಿಚಾರಿಸಲು ಬಂದ ಹಂಟರ್ ಆಯೋಗದ ಮುಂದೆ ನಿಂತು, ಹೆಣ್ಣುಮಕ್ಕಳಿಗೆ ಮಹಿಳಾ ಅಧ್ಯಾಪಕರೂ ಮಹಿಳಾ ವೈದ್ಯರೂ ಬೇಕೆಂದು ಹೇಳಿದರು. ತಾವೇ ವೈದ್ಯೆಯಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಕಿವಿ ಸರಿಯಾಗಿ ಕೇಳಿಸದಿದ್ದರಿಂದ ಆ ಆಸೆ ಕೈಗೂಡಲಿಲ್ಲ. ಆದರೆ ಅಲ್ಲಿ ಇನ್ನೊಂದು ದಾರಿ ತೆರೆಯಿತು. ಅವರನ್ನು ಇಟ್ಟುಕೊಂಡಿದ್ದ ಕ್ರೈಸ್ತ ಸನ್ಯಾಸಿನಿಯರು ಲಂಡನ್ನಿನಲ್ಲಿ ದಾರಿ ತಪ್ಪಿದವರೆಂದು ಸಮಾಜ ದೂರವಿಟ್ಟ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ಅಂಥವರನ್ನು ಅಕ್ಕತಂಗಿಯರಂತೆ ನೋಡಿಕೊಳ್ಳುವುದನ್ನು ರಮಾಬಾಯಿ ಕಂಡರು. ಸಮಾರ್ಯದ ಹೆಂಗಸಿನೊಡನೆ ಯೇಸು ಬಾವಿಯ ಬಳಿ ಮಾತಾಡಿದ ಕಥೆಯನ್ನು ಕೇಳಿದರು. ಅವರ ಮನಸ್ಸು ತಿರುಗಿದ್ದು ಈ ಸೇವೆಯನ್ನು ಕಂಡು. ಅದೇ ವರ್ಷ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು.

ಕ್ರೈಸ್ತರಾದ ಮೇಲೂ ಅವರು ಯಾರ ಮಾತಿಗೂ ಸುಮ್ಮನೆ ತಲೆಬಾಗಲಿಲ್ಲ. ತಾನು ಕ್ರಿಸ್ತನನ್ನು ಒಪ್ಪಿಕೊಂಡಿದ್ದೇನೆಯೇ ಹೊರತು ಒಂದು ಸಭೆಯ ಎಲ್ಲ ಕಟ್ಟಳೆಗಳನ್ನಲ್ಲ ಎಂಬುದು ಅವರ ನಿಲುವು. ಈ ವಿಷಯದಲ್ಲಿ ತಮಗೆ ಆಶ್ರಯ ಕೊಟ್ಟ ಸನ್ಯಾಸಿನಿಯರೊಂದಿಗೇ ಪತ್ರಗಳಲ್ಲಿ ವಾದ ಮಾಡಿದರು. ಅವರ ಉಪಕಾರವನ್ನು ಮಾತ್ರ ಮರೆಯಲಿಲ್ಲ.

1886ರಲ್ಲಿ ಬಂಧು ಆನಂದಿಬಾಯಿ ಜೋಶಿ ವೈದ್ಯ ಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋದರು. ಅಲ್ಲಿ ಊರೂರಿಗೆ ಹೋಗಿ ಭಾಷಣ ಮಾಡಿದರು, ಮೇಲುಜಾತಿಯ ಹಿಂದೂ ಹೆಂಗಸರ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು, ಚಿಕ್ಕಮಕ್ಕಳಿಗೆ ಕಲಿಸುವ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಕಲಿತರು. ಅಲ್ಲಿನವರು ಹತ್ತು ವರ್ಷ ನೆರವು ಕೊಡುವುದಾಗಿ ಸಂಘ ಕಟ್ಟಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಬಂತು.

ಶಾರದಾ ಸದನದಲ್ಲಿ ಹಿಂದೂ ಹುಡುಗಿಯರು ತಮ್ಮ ಜಾತಿಯ ಆಚಾರದಂತೆಯೇ ಇರಬಹುದಿತ್ತು. ಮೊದಲ ವಿದ್ಯಾರ್ಥಿನಿ ಗೋದೂಬಾಯಿ ಎಂಬ ತರುಣ ವಿಧವೆ. ಆಕೆ ಮುಂದೆ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದರು. ಆ ಕರ್ವೆಯವರೇ ಆಮೇಲೆ ವಿಧವೆಯರ ಆಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದವರು. ರಮಾಬಾಯಿ ಹಚ್ಚಿದ ದೀಪ ಮತದ ಗಡಿ ದಾಟಿಯೂ ಬೆಳಗಿತು ಎಂಬುದಕ್ಕೆ ಇದು ಸಾಕ್ಷಿ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ರಮಾಬಾಯಿ ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿಯೇ ಬಂದು ಕೂರುತ್ತಿದ್ದರು. ಕೆಲವರ ಮನಸ್ಸು ಕ್ರೈಸ್ತ ಧರ್ಮದ ಕಡೆಗೆ ಒಲಿಯಿತು. ಪುಣೆಯಲ್ಲಿ ದೊಡ್ಡ ಗದ್ದಲವಾಯಿತು. ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ಹಿತೈಷಿಗಳೂ ಸಲಹಾ ಮಂಡಳಿಯನ್ನು ಬಿಟ್ಟರು. ಅನೇಕ ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು. ನಂಬಿ ಕಳಿಸಿದ ತಂದೆತಾಯಿಯ ಕಳವಳ ಸುಳ್ಳಲ್ಲ. ಮನಸ್ಸಿಗೆ ಸತ್ಯವೆಂದು ಕಂಡದ್ದನ್ನು ಅಡಗಿಸಿಡಲಾರೆ ಎಂಬ ರಮಾಬಾಯಿಯವರ ಹಟವೂ ಸುಳ್ಳಲ್ಲ. ಯಾರದು ಸರಿ ಎಂದು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ನಾನು ಗಮನಿಸಿದ್ದು ಇಷ್ಟೇ: ಅಷ್ಟು ನಿಂದೆಯಾದರೂ ಅವರು ಕೆಲಸ ನಿಲ್ಲಿಸಲಿಲ್ಲ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮಧ್ಯಪ್ರಾಂತದಲ್ಲಿ ಭೀಕರ ಬರ ಬಿತ್ತು. 1897ರಲ್ಲಿ ರಮಾಬಾಯಿ ತಾವೇ ಅಲ್ಲಿಗೆ ಹೊರಟರು. ಕೈಯಲ್ಲಿ ಹಣವಿರಲಿಲ್ಲ, ಇಷ್ಟು ಜನರನ್ನು ಸಾಕುವ ಜಾಗವೂ ಇರಲಿಲ್ಲ. ಎಲೆ ತಿಂದು ಬದುಕಿದ್ದ ಆ ದಿನಗಳು ಮಾತ್ರ ನೆನಪಿನಲ್ಲಿದ್ದವು. ಹಸಿವಿನಲ್ಲಿರುವ ಒಂಟಿ ಹುಡುಗಿಯನ್ನು ಎಂಥೆಂಥವರು ಹುಡುಕಿಕೊಂಡು ಬರುತ್ತಾರೆಂದೂ ಅವರಿಗೆ ಗೊತ್ತಿತ್ತು. ಎಲುಬು ಚರ್ಮವಾಗಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧವಿದ್ದುದರಿಂದ ಅಲ್ಲಿಗೆ ಸ್ವಲ್ಪ ದೂರದ ಕೇಡಗಾಂವ್‌ನಲ್ಲಿ ತಾವು ಮೊದಲೇ ಕೊಂಡಿದ್ದ ಜಮೀನಿನಲ್ಲಿ ಅವರನ್ನು ಇರಿಸಿದರು. ಅದೇ ಮುಕ್ತಿ ಸದನವಾಯಿತು. ಗುಜರಾತಿನ ಬರದಿಂದಲೂ ಮಕ್ಕಳು ಬಂದರು. 1900ರ ಹೊತ್ತಿಗೆ ಅಲ್ಲಿ ಸುಮಾರು 1500 ಜನರಿದ್ದರು, ನೂರಕ್ಕೂ ಹೆಚ್ಚು ದನಗಳಿದ್ದವು.

ಅಷ್ಟು ಮಂದಿಗೆ ಅನ್ನ ಹಾಕಿದ್ದರಷ್ಟೇ ದೊಡ್ಡ ಪುಣ್ಯ. ಅವರು ಅಲ್ಲಿಗೇ ನಿಲ್ಲಲಿಲ್ಲ. ಓದುಬರಹದ ಜೊತೆಗೆ ಬೇಸಾಯ, ಹೈನುಗಾರಿಕೆ, ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಅಚ್ಚುಮೊಳೆ ಜೋಡಿಸುವುದು ಎಲ್ಲವನ್ನೂ ಹುಡುಗಿಯರಿಗೆ ಕಲಿಸಿದರು. ಕುರುಡರಿಗೆ ಬ್ರೈಲ್ ಕಲಿಸುವ ಏರ್ಪಾಡಾಯಿತು. ಕೈಬಿಡಲ್ಪಟ್ಟ ಹೆಂಗಸರಿಗೆ ಕೃಪಾ ಸದನ ಎಂಬ ಬೇರೆ ಮನೆಯಾಯಿತು. 1905ರಲ್ಲಿ ಮುಕ್ತಿಯಲ್ಲಿ ಪ್ರಾರ್ಥನೆಯ ಉತ್ಸಾಹ ಉಕ್ಕಿ ಹರಿಯಿತು. ಅದರ ಸುದ್ದಿ ಹೊರದೇಶಗಳಿಗೂ ಮುಟ್ಟಿತು. ಮಗಳು ಮನೋರಮಾ ತಾಯಿಗೆ ಬಲಗೈಯಾಗಿ ನಿಂತಳು. 1912ರ ಸುಮಾರಿಗೆ ಗುಲ್ಬರ್ಗಾದಲ್ಲಿ ರಮಾಬಾಯಿ ಶಾಲೆ ತೆರೆದಾಗ ಅದರ ಮುಖ್ಯಸ್ಥೆಯಾದವಳೂ ಅವಳೇ. ಹೀಗೆ ಕನ್ನಡ ನಾಡಿಗೆ ಅವರ ಋಣ ಸಂದಿತು.

ಕೊನೆಯ ವರ್ಷಗಳಲ್ಲಿ ಅವರು ಹಿಡಿದ ಕೆಲಸ ಬೈಬಲಿನ ಅನುವಾದ. ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಮರಾಠಿಯಲ್ಲಿ ಅದು ಇರಬೇಕೆಂದು ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಮೊಳೆ ಜೋಡಿಸಿ ಅಚ್ಚು ಹಾಕಿದವರು ಮುಕ್ತಿಯ ಹೆಣ್ಣುಮಕ್ಕಳು. 1919ರಲ್ಲಿ ಸರಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. 1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ತೀರಿಕೊಂಡಳು. ಆ ದುಃಖದಲ್ಲೂ ಅನುವಾದದ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚಿದರು. ಎರಡು ವರ್ಷದ ನಂತರ ಪೂರ್ಣ ಬೈಬಲ್ ಹೊರಬಂತು. ಮುಕ್ತಿ ಸದನ ಇಂದಿಗೂ ನಡೆಯುತ್ತಿದೆ.

ನಮ್ಮ ಶಾಲೆಗೆ ಎಲ್ಲ ಮತದ ಮನೆಗಳಿಂದಲೂ ಮಕ್ಕಳು ಬಂದಿದ್ದಾರೆ. ಅವರಲ್ಲಿ ಎಷ್ಟೋ ಮಂದಿಯನ್ನು ತಾಯಂದಿರು ಬೀಡಿ ಕಟ್ಟಿ ಓದಿಸಿದ್ದಾರೆ. ಏಳನೆಯ ತರಗತಿಗೇ ಸಾಕೆಂದು ನಿಲ್ಲಿಸಿದ ಹುಡುಗಿಯರ ಮನೆಗೆ ನಮ್ಮ ಅಧ್ಯಾಪಕರು ನಡೆದುಹೋಗಿ, ಜಗಲಿಯಲ್ಲಿ ಕೂತು ಒಪ್ಪಿಸಿ ಕರೆತಂದದ್ದನ್ನು ನಾನು ಕಂಡಿದ್ದೇನೆ. ಹಾಗೆ ಬಂದವರಲ್ಲಿ ಕೆಲವರು ಇಂದು ನರ್ಸುಗಳು, ಕೆಲವರು ಶಿಕ್ಷಕಿಯರು. ರಮಾಬಾಯಿಯವರ ನಂಬಿಕೆಯನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಹಸಿದ ಮಗು ಎಲ್ಲಿದೆಯೋ ಅಲ್ಲಿಗೆ ತಾವೇ ಎದ್ದು ಹೋಗುವುದನ್ನು, ಹೋದ ಮೇಲೆ ಅರ್ಧದಲ್ಲಿ ಕೈಬಿಡದಿರುವುದನ್ನು ಮಾತ್ರ ನಾವೆಲ್ಲರೂ ಅವರಿಂದ ಕಲಿಯಬಹುದು. ಶಾಲೆಯ ಮುಂದಿನ ಐವತ್ತು ವರ್ಷಗಳಲ್ಲೂ ಆ ಗುಣ ನಮ್ಮ ಊರಿನಲ್ಲಿ ಉಳಿಯಲಿ.