ಏಕಾಕಿಯ ಮರದಚ್ಚು

ನಾರ್ವೆ ದೇಶದ ಚಿತ್ರಕಾರ ಎಡ್ವರ್ಡ್ ಮುಂಕ್ 1863ರಲ್ಲಿ ಜನಿಸಿದನು. ಅವನ ಐದನೆಯ ವಯಸ್ಸಿನಲ್ಲಿ ತಾಯಿಯನ್ನೂ ಹದಿಮೂರನೆಯ ವಯಸ್ಸಿನಲ್ಲಿ ಅಕ್ಕ ಸೋಫಿಯನ್ನೂ ಕ್ಷಯರೋಗವು ಕಸಿದುಕೊಂಡಿತು. ವೈದ್ಯನಾಗಿದ್ದ ತಂದೆಯಿಂದಲೂ ಅವರನ್ನು ಉಳಿಸಿಕೊಳ್ಳಲಾಗಲಿಲ್ಲ. ಆ ಅಳಲು ಮುಂಕನ ವರ್ಣಚಿತ್ರಗಳಲ್ಲಿ ಮಾತ್ರವಲ್ಲದೆ ಮರದಚ್ಚುಗಳಲ್ಲಿಯೂ ಮೂಡಿತು.

1899ರ ‘ಏಕಾಕಿಗಳು’ ಎಂಬ ಅಚ್ಚುಚಿತ್ರದಲ್ಲಿ ಗಂಡೊಬ್ಬನೂ ಹೆಣ್ಣೊಬ್ಬಳೂ ನಮಗೆ ಬೆನ್ನು ಮಾಡಿ, ಕಡಲನ್ನು ನೋಡುತ್ತ ನಿಂತಿದ್ದಾರೆ. ಮುಂಕ್ ಕೆತ್ತಿದ ಹಲಗೆಯನ್ನು ಗರಗಸದಿಂದ ತುಂಡರಿಸಿ, ತುಂಡುಗಳಿಗೆ ಬೇರೆ ಬೇರೆ ಬಣ್ಣ ಬಳಿದು, ಮರಳಿ ಜೋಡಿಸಿ ಕಾಗದದ ಮೇಲೆ ಒತ್ತಿದನು. ಹೆಣ್ಣಿನ ಆಕೃತಿಯೇ ಒಂದು ಬೇರೆ ತುಂಡು. ಗರಗಸ ಹಾದ ಜಾಡು ಅವಳ ಸುತ್ತ ಬಿಳಿಯ ಗೆರೆಯಾಗಿ ನಿಂತಿತು. ಬಡಗಿಯಾಗಿದ್ದರೆ ಆ ಸಂದನ್ನು ಮುಚ್ಚುತ್ತಿದ್ದನು. ಮುಂಕ್ ಹಾಗೆಯೇ ಉಳಿಸಿದನು.

1937ರಲ್ಲಿ ಜರ್ಮನಿಯ ನಾತ್ಸಿ ಸರ್ಕಾರವು ಅವನ 82 ಕೃತಿಗಳನ್ನು ವಸ್ತುಸಂಗ್ರಹಾಲಯಗಳಿಂದ ತೆಗೆಸಿತು. ಕಡೆಯವರೆಗೂ ಅವಿವಾಹಿತನಾಗಿದ್ದ ಮುಂಕ್ 1944ರಲ್ಲಿ ತೀರಿಕೊಂಡಾಗ ತನ್ನಲ್ಲಿದ್ದ ಕೃತಿಗಳನ್ನೆಲ್ಲ ಓಸ್ಲೋ ನಗರಕ್ಕೆ ಬಿಟ್ಟುಹೋದನು.